ದಾನಿಯೇಲನ ಏಳನೆಯ ಅಧ್ಯಾಯವನ್ನು ಯೆಹೂದಿ ವ್ಯಾಖ್ಯಾನಗಳೊಡನೆ ಓದುವ ಬಗೆ

ಕನ್ನಡ ಬೈಬಲಿನಲ್ಲಿ ದಾನಿಯೇಲನ ಗ್ರಂಥವು ಪ್ರವಾದಿಗಳ ಸಾಲಿನಲ್ಲಿದೆ. ಯೆಹೂದಿಗಳ ಹೀಬ್ರೂ ಬೈಬಲಿನಲ್ಲಾದರೋ ಅದು ಕೀರ್ತನೆ, ಯೋಬ ಮೊದಲಾದವುಗಳಿರುವ ಮೂರನೆಯ ಭಾಗಕ್ಕೆ ಸೇರಿದೆ. ದಾನಿಯೇಲನು ಪ್ರವಾದಿಯಲ್ಲ, ಆದರೂ ಪ್ರವಾದಿಗಳು ಕಾಣದ್ದನ್ನು ಕಂಡವನು ಎಂಬುದು ಯೆಹೂದಿ ಗುರುಗಳ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮೂದಿನ ನಿಲುವು. ಓದುವ ಮೊದಲು ಇದನ್ನು ತಿಳಿದಿರಬೇಕು.

ವ್ಯಾಖ್ಯಾನವನ್ನು ತೆರೆಯದೆ ಮೂಲವನ್ನು ಒಮ್ಮೆ ಪೂರ್ತಿ ಓದಿರಿ. ಮೊದಲ 14 ವಚನಗಳಲ್ಲಿ ಕನಸಿದೆ. ಉಳಿದವುಗಳಲ್ಲಿ ಅದರ ಅರ್ಥವಿದೆ. ನಾಲ್ಕು ಮೃಗಗಳೆಂದರೆ ನಾಲ್ವರು ರಾಜರು ಎಂದು ಕನಸಿನೊಳಗೇ ಹೇಳಿದ್ದರೂ ಅವರ ಹೆಸರುಗಳನ್ನು ಹೇಳಿಲ್ಲ. ವ್ಯಾಖ್ಯಾನಕಾರರ ಕೆಲಸ ಆರಂಭವಾಗುವುದು ಇಲ್ಲಿಂದಲೇ.

ಅನಂತರ ಫ್ರಾನ್ಸಿನ ಯೆಹೂದಿ ವ್ಯಾಖ್ಯಾನಕಾರರಾದ ರಾಶಿಯವರನ್ನು (1040–1105) ಓದಿರಿ. ಅವರಿಗೆ ಸಿಂಹವು ಬಾಬೆಲ್, ಕರಡಿಯು ಪಾರಸಿಯ, ಚಿರತೆಯು ಗ್ರೀಸ್, ಕಬ್ಬಿಣದ ಹಲ್ಲಿನ ಮೃಗವು ರೋಮ್. ಮುಸ್ಲಿಮ್ ಆಳ್ವಿಕೆಯ ಸ್ಪೇನಿನಲ್ಲಿ ಹುಟ್ಟಿದ ಇನ್ನೊಬ್ಬ ವ್ಯಾಖ್ಯಾನಕಾರ ಇಬ್ನ್ ಎಜ್ರಾ ರೋಮನ್ನು ಗ್ರೀಸಿನೊಡನೆ ಸೇರಿಸಿ, ನಾಲ್ಕನೆಯ ಸ್ಥಾನವನ್ನು ಇಷ್ಮಾಯೇಲರ, ಅಂದರೆ ಅರಬರ, ರಾಜ್ಯಕ್ಕೆ ಕೊಡುತ್ತಾರೆ. ಇಬ್ಬರಲ್ಲಿ ಯಾರು ಸರಿಯೆಂದು ತೀರ್ಮಾನಿಸಲು ಅವಸರಪಡದೆ, ಪ್ರತಿಯೊಬ್ಬರೂ ಯಾವ ಸಾಮ್ರಾಜ್ಯವನ್ನು ಕಣ್ಣೆದುರು ಇಟ್ಟುಕೊಂಡು ಬರೆದರೆಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ.

ಒಂಬತ್ತನೆಯ ವಚನದಲ್ಲಿ ನಿಧಾನಿಸಬೇಕು. ಆಸೀನನಾಗುವ ಮಹಾವೃದ್ಧನು, ಅಂದರೆ ದೇವರು, ಒಬ್ಬನೇ, ಆದರೆ ‘ಸಿಂಹಾಸನಗಳು’ ಎಂಬುದು ಬಹುವಚನ. ತಾಲ್ಮೂದಿನ ಹಗೀಗಾ ಭಾಗದಲ್ಲಿ ರಬ್ಬಿ ಅಕೀವ, ಒಂದು ದೇವರಿಗೆ, ಇನ್ನೊಂದು ದಾವೀದನಿಗೆ ಎನ್ನುತ್ತಾರೆ. ದೇವರ ಪಕ್ಕದಲ್ಲಿ ಮನುಷ್ಯನನ್ನು ಕೂರಿಸಿ ದೈವಸಾನ್ನಿಧ್ಯವನ್ನು ಎಷ್ಟು ಕಾಲ ಹಗುರಗೊಳಿಸುವೆ ಎಂದು ಗಲಿಲಾಯದ ರಬ್ಬಿ ಯೋಸೆ ಅವರನ್ನು ತಡೆದು, ಒಂದು ನ್ಯಾಯಕ್ಕೆ, ಒಂದು ಕರುಣೆಗೆ ಎಂದು ಬಿಡಿಸುತ್ತಾರೆ. ಏಕದೇವನಂಬಿಕೆಯ ಎಲ್ಲೆ ಯಾವುದೆಂಬ ಗಂಭೀರ ಪ್ರಶ್ನೆ ಒಂದು ಬಹುವಚನದಿಂದ ಎದ್ದಿದೆ; ಈ ಅಧ್ಯಾಯದ ಮೇಲಿನ ಚರ್ಚೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ.

ಮೇಘಗಳೊಡನೆ ಬರುವ ‘ಮನುಷ್ಯಕುಮಾರನಂತಿರುವವನು’ ರಾಶಿಯವರಿಗೆ ಅಭಿಷಿಕ್ತ ರಾಜನಾದ ಮೆಸ್ಸೀಯನು. ಈ ವಚನವನ್ನು ಜೆಕರ್ಯನ 9:9ರೊಡನೆ ಇಟ್ಟು ಓದಿರಿ, ಏಕೆಂದರೆ ತಾಲ್ಮೂದು ಎರಡನ್ನೂ ಜೋಡಿಸುತ್ತದೆ: ಜನರು ಯೋಗ್ಯರಾಗಿದ್ದರೆ ಅವನು ಮೇಘಗಳೊಡನೆ ಬರುವನು, ಇಲ್ಲದಿದ್ದರೆ ದೀನನಾಗಿ ಕತ್ತೆಯನ್ನೇರಿ ಬರುವನು.

ಮುದ್ರಿತ ಹೀಬ್ರೂ ಆವೃತ್ತಿಗಳಲ್ಲಿ, ಹತ್ತನೆಯ ಶತಮಾನದ ಯೆಹೂದಿ ವಿದ್ವಾಂಸ ಸಾದಿಯಾ ಗಾವೋನರ ಹೆಸರಿನಲ್ಲಿರುವ ದಾನಿಯೇಲ ವ್ಯಾಖ್ಯಾನವು ಅವರದಲ್ಲ. ಅದನ್ನು ಅವರ ಮಾತೆಂದು ಉಲ್ಲೇಖಿಸಬೇಡಿರಿ.

25ನೆಯ ವಚನದ ‘ಒಂದು ಕಾಲ, ಎರಡು ಕಾಲ, ಅರ್ಧ ಕಾಲ’ವನ್ನು ಕೊನೆಗೆ ಇಟ್ಟುಕೊಳ್ಳಿರಿ. 1492ರಲ್ಲಿ ಸ್ಪೇನನ್ನು ತೊರೆಯಬೇಕಾಗಿ ಬಂದ ಯೆಹೂದಿ ವ್ಯಾಖ್ಯಾನಕಾರ ಅಬ್ರವನೇಲರು ದಾನಿಯೇಲನ ಇಂಥ ಮಾತುಗಳಿಂದ ಮೆಸ್ಸೀಯನು ತರುವ ಬಿಡುಗಡೆಯ ವರ್ಷವನ್ನು ಲೆಕ್ಕಹಾಕಿದರು. ಅಂತ್ಯಕಾಲವನ್ನು ಎಣಿಸುವವರನ್ನು ತಾಲ್ಮೂದಿನ ಸನ್ಹೆದ್ರಿನ್ ಭಾಗವು ಕಟುವಾಗಿ ಶಪಿಸುತ್ತದೆ. ಎಣಿಸಿದ ದಿನ ಬಂದೂ ಮೆಸ್ಸೀಯನು ಬಾರದಿದ್ದರೆ ಜನರು ಇನ್ನು ಬರುವುದೇ ಇಲ್ಲವೆಂದು ಆಸೆ ಬಿಟ್ಟಾರು ಎಂಬುದು ಅಲ್ಲಿಯ ಆತಂಕ. ಶಾಪದ ಭಾಗವನ್ನು ಮೊದಲು ಓದಿ, ಆಮೇಲೆ ಲೆಕ್ಕಗಳಿಗೆ ಹೋಗಿರಿ.