ಪುಟ್ಟ ಮಗುವಿನ ಜೊತೆ ಗೇಮ್ ಜೋನ್‌ಗೆ: ಮಡಿಕೇರಿಯಿಂದ ಹೊರಡುವವರಿಗೆ

ಜುಲೈನಲ್ಲಿ ಮೂರು ವರ್ಷದ ಮಗುವನ್ನು ಇಟ್ಟುಕೊಂಡು ಮಡಿಕೇರಿ ಮನೆಯೊಳಗೆ ಕೂತವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. ಮಳೆ ರಜೆ, ಕರೆಂಟ್ ಇಲ್ಲ, ಬಟ್ಟೆ ಒಣಗಲ್ಲ, ಮಗು ಸೋಫಾ ಮೇಲಿಂದ ಹಾರೋದು ನಿಲ್ಲಿಸಲ್ಲ. ರಾಜಾಸೀಟು, ನಿಸರ್ಗಧಾಮ ಎಲ್ಲ ಬಿಸಿಲಿದ್ದರೆ ಚೆಂದ. ಹಾಗಾಗಿ ನಾವು ಮೈಸೂರಿನ ಮಾಲ್‌ನೊಳಗಿನ ಗೇಮ್ ಜೋನ್ ಕಡೆ ಹೊರಡುತ್ತೇವೆ, ಸುಮಾರು 120 ಕಿಲೋಮೀಟರ್.

ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ನಾನು ಎರಡು ಅಕ್ಕಿ ರೊಟ್ಟಿ ತಿನ್ನಿಸಿ ಹೊರಟೆ, ಸುಂಟಿಕೊಪ್ಪ ಬರುವಷ್ಟರಲ್ಲಿ ಎರಡೂ ನನ್ನ ಮಡಿಲಲ್ಲಿದ್ದವು. ತಿರುವುಗಳೆಲ್ಲ ಮುಗಿದು ಕುಶಾಲನಗರ ದಾಟಿದ ಮೇಲೆ ತಿಂಡಿ ಕೊಡಿ. ಹುಣಸೂರು ಹತ್ತಿರ ನಿದ್ದೆ ಹತ್ತಿದರೆ ನಿಮ್ಮ ಪುಣ್ಯ, ತಲುಪಿದ ತಕ್ಷಣ ಎಬ್ಬಿಸಬೇಡಿ, ಅರೆನಿದ್ದೆಯ ಮಗುವನ್ನು ಆ ಗದ್ದಲ, ಮಿಣುಕುವ ಲೈಟುಗಳ ನಡುವೆ ಇಳಿಸಿದರೆ ಅಳು ಗ್ಯಾರಂಟಿ. ಆದಷ್ಟೂ ವಾರದ ದಿನ ಹೋಗಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಭಾನುವಾರ ಸಂಜೆ ದೊಡ್ಡ ಮಕ್ಕಳ ಕಾಲಡಿ ಚಿಕ್ಕವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಒಳಗೆ ಹೋದ ಕೂಡಲೇ ಕಾರ್ಡ್ (ಅದನ್ನು ತಟ್ಟಿದರೇ ಆಟ ಶುರು) ರೀಚಾರ್ಜ್ ಮಾಡಿಸಬೇಡಿ. ಮೊದಲು ಸುಮ್ನೆ ಒಂದು ಸುತ್ತು ಹಾಕಿಸಿ, ಮಗುವಿನ ಕಣ್ಣು ಎಲ್ಲಿ ನಿಲ್ಲುತ್ತೆ ನೋಡಿ. ನನ್ನ ಮಗಳು ಆಫ್ ಆಗಿದ್ದ ಒಂದು ಕೆಂಪು ಬಸ್ಸಿನಲ್ಲಿ ಕೂತು, ಸ್ಟೇರಿಂಗ್ ತಿರುಗಿಸುತ್ತಾ, ಕಾಣದ ಪ್ಯಾಸೆಂಜರ್‌ಗಳಿಗೆ "ಒಳಗೆ ಹೋಗಿ, ಒಳಗೆ ಹೋಗಿ" ಅನ್ನುತ್ತಾ ಹತ್ತು ನಿಮಿಷ ಕಳೆದಳು. ಕಾರ್ಡ್ ತಟ್ಟಿ ಆನ್ ಮಾಡಿದೆ ನೋಡಿ, ಬಸ್ಸು ಅಲ್ಲಾಡಿದ್ದೇ ಕಿರುಚಿಕೊಂಡು ಇಳಿದುಬಿಟ್ಟಳು! ದುಡ್ಡು ಹೋಯ್ತು, ಆಟಾನೂ ಹೋಯ್ತು. ಉಳಿದ ಬ್ಯಾಲೆನ್ಸ್ ವಾಪಸ್ ಕೊಡ್ತೀರಾ, ಕಾರ್ಡ್ ಎಷ್ಟು ದಿನ ನಡೆಯುತ್ತೆ, ಮಗುವಿನ ಜೊತೆ ಹೋಗುವ ದೊಡ್ಡವರಿಗೂ ಟಿಕೆಟ್ ಇದೆಯಾ, ಇಷ್ಟನ್ನು ಕೌಂಟರ್‌ನಲ್ಲಿ ಮೊದಲೇ ಕೇಳಿ. ಸಾಕ್ಸ್ ಮನೆಯಿಂದಲೇ ತನ್ನಿ, ನಿಮಗೂ ಒಂದು ಜೊತೆ. ಕೆಲವು ಕಡೆ ಅಡಿಭಾಗದಲ್ಲಿ ರಬ್ಬರ್ ಚುಕ್ಕೆ ಇರುವ ಸಾಕ್ಸೇ ಬೇಕು ಅಂತಾರೆ.

ಚಿಕ್ಕವರಿಗೆ ಚೆಂಡು ತುಂಬಿದ ಬಾಲ್ ಪಿಟ್ಟು, ಮೆತ್ತನೆಯ ಜಾರುಬಂಡೆ ಸಾಕು. ಟ್ರ್ಯಾಂಪೊಲೀನ್, ಅಂದರೆ ಮೇಲೆ ಕುಪ್ಪಳಿಸುವ ಸ್ಪ್ರಿಂಗಿನ ಹಾಸು, ಅದರ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆರು ವರ್ಷದೊಳಗಿನವರಿಗೆ ಅದು ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತೆ. ಹಲವರು ಒಟ್ಟಿಗೆ ಹಾರುವಾಗಲೇ ಜಾಸ್ತಿ ಪೆಟ್ಟಾಗೋದು, ಅದರಲ್ಲೂ ಹಗುರ ಇರುವ ಮಗುವಿಗೆ. ಪಕ್ಕದ ದೊಡ್ಡ ಹುಡುಗ ಇಳಿದ ರಭಸಕ್ಕೆ ನಿಮ್ಮ ಮಗು ಚೆಂಡಿನ ಹಾಗೆ ಮೇಲೆ ಹೋಗುತ್ತೆ, ಅಲ್ವಾ?

ಗೊಂಬೆ ಎತ್ತುವ ಮೆಷಿನ್ ಕಡೆ ಮಗು ಎಳೆದರೆ ಎರಡೇ ಸಲ ಅಂತ ಮೊದಲೇ ಮಾತಾಡಿಕೊಳ್ಳಿ. ಆ ಕೊಕ್ಕೆ ಎಷ್ಟು ಬಿಗಿಯಾಗಿ ಹಿಡಿಯಬೇಕು ಅಂತ ಮೆಷಿನ್ನಿನೊಳಗೇ ಸೆಟ್ ಮಾಡಿಡಬಹುದು. ನಿಮ್ಮ ಕೈಚಳಕ ಅಲ್ಲಿ ಅಷ್ಟೊಂದು ನಡೆಯಲ್ಲ. ಇದನ್ನ ನನ್ನ ಗಂಡನಿಗೆ ಯಾರಾದರೂ ಹೇಳಿ.

ತಿನ್ನುವ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಸ್ಯಾನಿಟೈಸರ್ ಇದೆಯಲ್ಲ ಅನ್ನಬೇಡಿ, ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಆ ಕಾಯಿಲೆಯ ವೈರಸ್ ಅದಕ್ಕೆ ಸುಲಭಕ್ಕೆ ಬಗ್ಗಲ್ಲ. ಮಗುವಿಗೆ ಜ್ವರ ಇದ್ದರೆ ಪ್ಲಾನ್ ಕ್ಯಾನ್ಸಲ್ ಮಾಡಿ, ಪಾಪ, ಬೇರೆ ಮಕ್ಕಳೂ ಇರುತ್ತಾರೆ.

ಒಂದು ಗಂಟೆ, ತುಂಬಾ ಅಂದರೆ ಒಂದೂವರೆ. ಮಗು ಇನ್ನೂ ನಗುತ್ತಿರುವಾಗಲೇ "ಇನ್ನು ಎರಡು ಆಟ" ಅಂತ ಬೆರಳು ತೋರಿಸಿ, ಒಂದು ಮುಗಿದ ಮೇಲೆ ಒಂದು ಬೆರಳು ಮಡಚಿ. "ಐದು ನಿಮಿಷ" ಅಂದರೆ ಮೂರು ವರ್ಷದವರಿಗೆ ಏನು ಗೊತ್ತಾಗುತ್ತೆ?

ಹೊರಡುವಾಗ ಬೇಡ ಅಂದರೂ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ. ಬೈಲುಕುಪ್ಪೆ ಹತ್ತಿರ ರಸ್ತೆ ಬದಿ, ಜೋರು ಮಳೆಯಲ್ಲಿ, ಮಗಳ ತಲೆ ಮೇಲೆ ಕೊಡೆ ಹಿಡಿದು ನಾನು ಪೂರ್ತಿ ನೆನೆದಿದ್ದೀನಿ.