ನನ್ನ ಚುಕ್ಕಿಗಳನ್ನು ಎಷ್ಟು ನಂಬಬಹುದು?

ಸಾವಿರಕ್ಕೆ ಸಾವಿರದ ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆ ತುಂಬಿದ ಚೌಕ ಕೋಷ್ಟಕ. ಪ್ರತಿ ಮನೆಗೂ ಸರಾಸರಿ 0, ವೇರಿಯನ್ಸ್ (ಚದುರುವಿಕೆಯ ಅಳತೆ) 1 ಇರುವ ಒಂದು ಗಾಸಿಯನ್ ಸಂಖ್ಯೆ, ಅಂದರೆ ಗಂಟೆಯಾಕಾರದ ಹಂಚಿಕೆಯಿಂದ ಯಾದೃಚ್ಛಿಕವಾಗಿ ಆರಿಸಿದ್ದು. ಕರ್ಣದ ಆಚೀಚೆ ಕನ್ನಡಿಯಂಥ ಸಮ್ಮಿತಿ ಇಲ್ಲ, ಹಾಗಾಗಿ ಹರ್ಮಿಷಿಯನ್ (ಅಂಥ ಸಮ್ಮಿತಿ ಇರುವ ಮ್ಯಾಟ್ರಿಕ್ಸ್) ಅಲ್ಲ. ಎಲ್ಲವನ್ನೂ 1000ದ ವರ್ಗಮೂಲದಿಂದ ಭಾಗಿಸಿದೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಯಲ್ಲಿ ಐಗನ್‌ವ್ಯಾಲ್ಯೂ (ಕೆಲವು ವಿಶೇಷ ವೆಕ್ಟರ್‌ಗಳನ್ನು ಮ್ಯಾಟ್ರಿಕ್ಸ್ ಎಷ್ಟು ಪಟ್ಟು ಮಾಡುತ್ತದೋ ಆ ಸಂಖ್ಯೆ, ಕಾಂಪ್ಲೆಕ್ಸ್ ಕೂಡ ಆಗಬಹುದು) ತೆಗೆದು ಕಾಂಪ್ಲೆಕ್ಸ್ ಸಮತಲದಲ್ಲಿ ಚುಕ್ಕಿ ಇಟ್ಟೆ. 1 ತ್ರಿಜ್ಯದ ತಟ್ಟೆಯಲ್ಲಿ ರಾಗಿ ಹರಡಿದ ಹಾಗೆ ಕಂಡವು. ಇಂಥ ದೊಡ್ಡ ಮ್ಯಾಟ್ರಿಕ್ಸ್‌ಗೆ ಹೀಗೇ ತಟ್ಟೆ ಬರುತ್ತದೆ ಅನ್ನುವುದೇ ಸರ್ಕ್ಯುಲರ್ ಲಾ.

ಆದರೆ ನಡುವೆ, ರಿಯಲ್ ಗೆರೆಯ ಮೇಲೆ, ಒಂದಿಷ್ಟು ಚುಕ್ಕಿಗಳು ಸಾಲಾಗಿ ಕೂತಿದ್ದವು. ಕೋಡ್ ತಪ್ಪಿದೆ ಅಂದುಕೊಂಡೆ. ಎಣಿಸಿದೆ, 26. ಗಣಿತಜ್ಞರಾದ ಎಡೆಲ್‌ಮನ್, ಕೋಸ್ಟ್‌ಲನ್, ಶುಬ್ 1994ರಲ್ಲೇ ಇದನ್ನು ಲೆಕ್ಕ ಹಾಕಿದ್ದರು: n ಗಾತ್ರದ ಮ್ಯಾಟ್ರಿಕ್ಸ್‌ನಲ್ಲಿ ಇಂಥ ಚುಕ್ಕಿಗಳ ಸರಾಸರಿ ಸಂಖ್ಯೆ 2n/π ಇದರ ವರ್ಗಮೂಲದಷ್ಟು. ಇಲ್ಲಿ ಸುಮಾರು 25. ಕೋಡ್ ಸರಿಯಾಗಿಯೇ ಇತ್ತು!

ನಿಜವಾದ ಭಯ ಆಮೇಲೆ ಬಂತು. ನೂರಕ್ಕೆ ನೂರರ ಇನ್ನೊಂದು ಮ್ಯಾಟ್ರಿಕ್ಸ್ ತೆಗೆದುಕೊಂಡೆ. ಕರ್ಣಕ್ಕಿಂತ ಒಂದು ಮನೆ ಮೇಲಿರುವ ಓರೆ ಸಾಲಿನಲ್ಲಿ ಮಾತ್ರ 1, ಕರ್ಣವೂ ಸೇರಿ ಉಳಿದದ್ದೆಲ್ಲ 0. ಐಗನ್‌ವ್ಯಾಲ್ಯೂ ನೂರೂ ಸೊನ್ನೆ. ಒಂದು ರ್‍ಯಾಂಡಮ್ ಆರ್ಥೋಗೊನಲ್ (ಉದ್ದ, ಕೋನ ಬದಲಿಸದ) ಮ್ಯಾಟ್ರಿಕ್ಸ್‌ನಿಂದ ಬೇಸಿಸ್, ಅಂದರೆ ಅಕ್ಷಗಳನ್ನು ಬದಲಿಸಿದೆ, ಅಷ್ಟೇ. ಗಣಿತದಲ್ಲಿ ಏನೂ ಬದಲಾಗಬಾರದು, ಅಲ್ವಾ? ಕಂಪ್ಯೂಟರ್ ಮಾತ್ರ ಸುಮಾರು 0.7 ತ್ರಿಜ್ಯದ ಚಂದದ ಬಳೆ ಬಿಡಿಸಿತು. ಯಾಕೆ ಅಂತ ಪೆನ್ನು ಹಿಡಿದು ಕೂತಾಗ ಗೊತ್ತಾಯಿತು. ಮೂಲ ಮ್ಯಾಟ್ರಿಕ್ಸ್‌ನ ಎಡ ಕೆಳಮೂಲೆಯಲ್ಲಿ ಕಂಪ್ಯೂಟರ್ ದಶಾಂಶ ಕತ್ತರಿಸುವುದರಿಂದ ಬರುವ 10ರ ಘಾತ −16ರಷ್ಟು ದೋಷ ಸೇರಿದರೆ, ಐಗನ್‌ವ್ಯಾಲ್ಯೂಗಳ ಗಾತ್ರ ಅದರ ನೂರನೇ ಮೂಲ ಆಗುತ್ತದೆ. ಅದು 0.69! ಹರ್ಮಿಷಿಯನ್ ಮ್ಯಾಟ್ರಿಕ್ಸ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ ದೋಷ ಎಷ್ಟೋ, ಐಗನ್‌ವ್ಯಾಲ್ಯೂ ಹೆಚ್ಚೆಂದರೆ ಅಷ್ಟೇ ಸರಿಯುತ್ತದೆ.

ಹಾಗಾದರೆ ನನ್ನ ತಟ್ಟೆಯೂ ಸುಳ್ಳೇ? ತಟ್ಟೆಯೊಳಗೆ ಅಲ್ಲಲ್ಲಿ z ಎಂಬ ಬಿಂದು ಆರಿಸಿ, A − zI (A ಮ್ಯಾಟ್ರಿಕ್ಸ್, I ಕರ್ಣದಲ್ಲಿ ಮಾತ್ರ 1 ಇರುವ ಮ್ಯಾಟ್ರಿಕ್ಸ್) ಇದರ ಅತಿ ಚಿಕ್ಕ ಸಿಂಗ್ಯುಲರ್ ವ್ಯಾಲ್ಯೂ ನೋಡಿದೆ. z ಐಗನ್‌ವ್ಯಾಲ್ಯೂ ಆಗಿಬಿಡಲು ಎಷ್ಟು ದೋಷ ಬೇಕು ಅನ್ನುವುದನ್ನು ಅದು ಹೇಳುತ್ತದೆ. ಬಳೆಯ ಮ್ಯಾಟ್ರಿಕ್ಸ್‌ಗೆ z = 0.5ರಲ್ಲಿ ಅದು 10ರ ಘಾತ −30ರ ಆಸುಪಾಸು ಇರಬೇಕು, ಕಂಪ್ಯೂಟರ್‌ನ ದೋಷದಲ್ಲೇ ಮುಳುಗಿಹೋಗುತ್ತದೆ. ರ್‍ಯಾಂಡಮ್ ಮ್ಯಾಟ್ರಿಕ್ಸ್‌ಗೆ ಸಾವಿರದಲ್ಲೊಂದರ ಮಟ್ಟ. ದೋಷಕ್ಕಿಂತ ಎಷ್ಟೋ ಜಾಸ್ತಿ. ನನ್ನ ತಟ್ಟೆ ನಿಜ.

ಸರ್ಕ್ಯುಲರ್ ಲಾ ಸಾಧಿಸಲು ಹೊರಟ ಗಣಿತಜ್ಞರನ್ನು ಬಹಳ ಕಾಲ ಕಾಡಿದ್ದೂ ಇದೇ ಚಿಕ್ಕ ಸಿಂಗ್ಯುಲರ್ ವ್ಯಾಲ್ಯೂ. ಗಾಸಿಯನ್ ಬದಲು ಬರೀ +1, −1 ತುಂಬಿದರೂ ಅದೇ ತಟ್ಟೆ ಬರುತ್ತದೆ. ಅದನ್ನೂ ಮಾಡಿ ನೋಡಿದೆ. ಮನೆಗಳು ಸ್ವತಂತ್ರವಾಗಿ, ಒಂದೇ ಹಂಚಿಕೆಯಿಂದ ಬಂದು, ವೇರಿಯನ್ಸ್ 1 ಇದ್ದರೆ ಸಾಕು ಅಂತ ಟಾವೊ ಮತ್ತು ವು 2010ರ ಪ್ರಬಂಧದಲ್ಲಿ ಸಾಧಿಸಿದರು. ಅದರ ಅನುಬಂಧ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಮಂಜುನಾಥ್ ಕೃಷ್ಣಾಪುರ ಅವರದ್ದು. ಅದನ್ನು ನೋಡಿದಾಗ ತುಂಬ ಖುಷಿಯಾಯಿತು.

ಈಗ ಐಗನ್‌ವ್ಯಾಲ್ಯೂ ಚಿತ್ರ ತೆಗೆದಾಗಲೆಲ್ಲ ಪಕ್ಕದಲ್ಲೇ ಆ ಸಿಂಗ್ಯುಲರ್ ವ್ಯಾಲ್ಯೂಗಳನ್ನೂ ಬರೆದಿಡುತ್ತೇನೆ.