ಡಿಮ್ಯಾನೇಜರ್ ನಿಲ್ಲಿಸೋದು, ಎಬ್ಬಿಸೋದು: ನನ್ನ ಅನುಭವ

ವೆಬ್‌ಸ್ಫಿಯರ್ (ಜಾವಾ ಆಪ್‌ಗಳನ್ನು ಓಡಿಸುವ ಐಬಿಎಂ ಸರ್ವರ್ ಸಾಫ್ಟ್‌ವೇರ್) ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ಕೇಳುವುದು ಇದನ್ನೇ: "ಡಿಪ್ಲಾಯ್‌ಮೆಂಟ್ ಮ್ಯಾನೇಜರ್ ನಿಲ್ಲಿಸಿದರೆ ಸೈಟೂ ಬಿದ್ದು ಹೋಗುತ್ತಲ್ವಾ?" ಬೀಳುವುದಿಲ್ಲ. ಬಳಕೆದಾರರ ರಿಕ್ವೆಸ್ಟ್ ಈ ಡಿಪ್ಲಾಯ್‌ಮೆಂಟ್ ಮ್ಯಾನೇಜರ್ (ಚಿಕ್ಕದಾಗಿ ಡಿಮ್ಯಾನೇಜರ್) ಮೂಲಕ ಹಾಯುವುದೇ ಇಲ್ಲ. ಕಾನ್ಫಿಗರೇಶನ್‌ನ ಮೂಲ ಪ್ರತಿ ಇಟ್ಟುಕೊಂಡು ನೋಡ್‌ಗಳಿಗೆ, ಅಂದರೆ ಆಪ್ ಸರ್ವರ್‌ಗಳು ಓಡುವ ಮಷೀನ್‌ಗಳಿಗೆ, ಹಂಚುವುದು ಅದರ ಕೆಲಸ. ಅದು ನಿಂತಿರುವಾಗ ಅಡ್ಮಿನ್ ಕನ್ಸೋಲ್ ತೆರೆಯುವುದಿಲ್ಲ, ಹೊಸ ಡಿಪ್ಲಾಯ್ ಮಾಡಲಾಗುವುದಿಲ್ಲ. ಆಪ್ ಸರ್ವರ್‌ಗಳು ಮಾತ್ರ ತಮ್ಮ ಪಾಡಿಗೆ ಓಡುತ್ತಿರುತ್ತವೆ. ಫಿಕ್ಸ್‌ಪ್ಯಾಕ್ (ತಿದ್ದುಪಡಿಗಳ ಕಂತೆ) ಹಾಕುವಾಗಲೂ ನಾನು ಮೊದಲು ಮುಗಿಸುವುದು ಇದನ್ನೇ. ಇದರ ವರ್ಷನ್ ನೋಡ್‌ಗಳಿಗಿಂತ ಹಳೆಯದಾಗಿರಬಾರದು.

ಎಬ್ಬಿಸುವುದು ಸುಲಭ. ಡಿಎಂಜಿಆರ್01 ಪ್ರೊಫೈಲ್‌ನ (ಡಿಮ್ಯಾನೇಜರ್‌ನ ಫೈಲ್‌ಗಳಿರುವ ಜಾಗ) ಬಿನ್ ಫೋಲ್ಡರ್‌ಗೆ ಹೋಗಿ ಸ್ಟಾರ್ಟ್‌ಮ್ಯಾನೇಜರ್.ಎಸ್‌ಎಚ್ ಓಡಿಸಿದರೆ ಸಾಕು. ಆದರೆ ಯಾವ ಯೂಸರ್‌ನಲ್ಲಿ ಲಾಗಿನ್ ಆಗಿದ್ದೇನೆ ಅಂತ ಮೊದಲು ನೋಡಿಕೊಳ್ಳುತ್ತೇನೆ. ಯಾರಾದರೂ ಒಮ್ಮೆ ರೂಟ್‌ನಲ್ಲಿ (ಎಲ್ಲ ಅಧಿಕಾರವಿರುವ ಯೂಸರ್) ಎಬ್ಬಿಸಿದರೆ ಲಾಗ್ ಮತ್ತು ಟೆಂಪ್ ಫೈಲ್‌ಗಳು ರೂಟ್ ಹೆಸರಿಗೆ ಹೋಗುತ್ತವೆ. ಮುಂದಿನ ಸಲ ಸಾಮಾನ್ಯ ಯೂಸರ್‌ಗೆ ಅವುಗಳಲ್ಲಿ ಬರೆಯುವ ಅನುಮತಿ ಇರುವುದಿಲ್ಲ. ಎಲ್ಲ ಸರಿಯಿದ್ದರೆ ಕೊನೆಗೆ ಎಡಿಎಂಯು3000ಐ ಸಾಲು ಬರುತ್ತದೆ: "ಓಪನ್ ಫಾರ್ ಇ-ಬಿಸಿನೆಸ್". ಇ-ಬಿಸಿನೆಸ್ ಅನ್ನುವ ಮಾತು ಬೇರೆ ಕಡೆ ಕೇಳಿ ಎಷ್ಟು ಕಾಲ ಆಯಿತೋ, ಇಲ್ಲಿ ಮಾತ್ರ ಇನ್ನೂ ಇದೆ.

ತಲೆನೋವು ಇರುವುದು ನಿಲ್ಲಿಸುವುದರಲ್ಲಿ. ಸ್ಟಾಪ್‌ಮ್ಯಾನೇಜರ್.ಎಸ್‌ಎಚ್ ಪ್ರೋಸೆಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಆದೇಶ ಕೇಳಿಸಿಕೊಳ್ಳುವ ಸೋಪ್ ಪೋರ್ಟ್ ಮೂಲಕ, ಡೀಫಾಲ್ಟ್ ಆಗಿ 8879, ಡಿಮ್ಯಾನೇಜರ್‌ಗೆ "ನಿಲ್ಲು" ಅಂತ ಹೇಳುತ್ತದೆ. ಸೆಕ್ಯುರಿಟಿ ಆನ್ ಇದ್ದರೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಅವನ್ನು ಕಮಾಂಡಿನಲ್ಲೇ ಕೊಟ್ಟರೆ ಪಿಎಸ್‌ನಲ್ಲೂ (ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ) ಕಮಾಂಡ್ ಹಿಸ್ಟರಿಯಲ್ಲೂ ಕಾಣಿಸುತ್ತವೆ. ಹಾಗಾಗಿ ಸೋಪ್.ಕ್ಲೈಂಟ್.ಪ್ರಾಪ್ಸ್ ಫೈಲ್‌ನಲ್ಲಿ ಇಟ್ಟು, ಪ್ರಾಪ್‌ಫೈಲ್‌ಪಾಸ್‌ವರ್ಡ್‌ಎನ್‌ಕೋಡರ್ ಓಡಿಸುತ್ತೇನೆ. ಅದು ಪಾಸ್‌ವರ್ಡನ್ನು ಮರೆಮಾಡುವುದು ಬರೀ ಎಕ್ಸ್‌ಓಆರ್‌ನಿಂದ (ಸುಲಭವಾಗಿ ಬಿಚ್ಚಬಹುದಾದ ಸಂಕೇತ), ಗಟ್ಟಿ ಬೀಗವೇನೂ ಅಲ್ಲ. ಫೈಲ್ ಪರ್ಮಿಶನ್ನನ್ನೂ ಬಿಗಿ ಮಾಡಲೇಬೇಕು.

ಡಿಮ್ಯಾನೇಜರೇ ಹ್ಯಾಂಗ್ ಆಗಿದ್ದರೆ ಈ ಮಾತು ಅದಕ್ಕೆ ಕೇಳಿಸುವುದೇ ಇಲ್ಲ. ಆಗ ಕಿಲ್ -3 ಕೊಟ್ಟು ಜಾವಾಕೋರ್ (ಆ ಕ್ಷಣ ಪ್ರೋಸೆಸ್‌ನ ಒಳಗೆ ಏನು ನಡೆಯುತ್ತಿತ್ತು ಅನ್ನುವ ದಾಖಲೆ) ತೆಗೆದುಕೊಳ್ಳುತ್ತೇನೆ, ಎಲ್ಲಿ ಸಿಕ್ಕಿಕೊಂಡಿತ್ತು ಅಂತ ಆಮೇಲೆ ನೋಡಲು ಬೇಕಲ್ಲ. ನಂತರ ಸಾದಾ ಕಿಲ್. ಅದಕ್ಕೂ ಬಗ್ಗದಿದ್ದರೆ ಮಾತ್ರ ಕಿಲ್ -9, ಅಂದರೆ ಬಲವಂತವಾಗಿ ಕೊಲ್ಲುವುದು. ಕನ್ಸೋಲ್‌ನಲ್ಲಿ ಯಾರಾದರೂ ಏನಾದರೂ ಸೇವ್ ಮಾಡುತ್ತಿದ್ದಾರಾ ಅಂತ ಮೊದಲೇ ಟೀಮಿನಲ್ಲಿ ಕೇಳಿಕೊಂಡಿರುತ್ತೇನೆ.

ಕಾನ್ಫಿಗರೇಶನ್ ಬ್ಯಾಕಪ್ ತೆಗೆಯುವ ಬ್ಯಾಕಪ್‌ಕಾನ್ಫಿಗ್.ಎಸ್‌ಎಚ್ ವಿಷಯವನ್ನೂ ಹೇಳಬೇಕು. "ಸುಮ್ನೆ ಒಂದು ಬ್ಯಾಕಪ್" ಅಂತ ಓಡಿಸಿದರೆ ಅದು ಡಿಮ್ಯಾನೇಜರನ್ನೇ ನಿಲ್ಲಿಸಿಬಿಡುತ್ತದೆ. ಡೀಫಾಲ್ಟೇ ಹಾಗೆ. ನಿಲ್ಲಬಾರದು ಅಂದರೆ -ನೋಸ್ಟಾಪ್ ಸೇರಿಸಬೇಕು. ಆದರೆ ಆ ಹೊತ್ತಿಗೆ ಯಾರೂ ಕಾನ್ಫಿಗರೇಶನ್ ಮುಟ್ಟುತ್ತಿರಬಾರದು.

ಮತ್ತೆ ಎದ್ದ ಮೇಲೆ ಕನ್ಸೋಲ್‌ನಲ್ಲಿ ನೋಡ್‌ಗಳ ಸಿಂಕ್ ಸ್ಥಿತಿ (ಅವುಗಳ ಕಾನ್ಫಿಗರೇಶನ್ ಮೂಲ ಪ್ರತಿಗೆ ಹೊಂದುತ್ತದಾ ಅಂತ) ನೋಡುತ್ತೇನೆ. ಒಂದು ನೋಡ್ ಸಿಂಕ್ ಆಗದೆ ಹಟ ಹಿಡಿದರೆ ಅದರ ನೋಡ್ ಏಜೆಂಟ್ (ಡಿಮ್ಯಾನೇಜರ್ ಜೊತೆ ಮಾತಾಡುವ ಪ್ರೋಸೆಸ್) ನಿಲ್ಲಿಸಿ, ಅದೇ ಮಷೀನಿನಿಂದ ಸಿಂಕ್‌ನೋಡ್.ಎಸ್‌ಎಚ್ ಓಡಿಸಿ, ಏಜೆಂಟನ್ನು ಮತ್ತೆ ಎಬ್ಬಿಸುತ್ತೇನೆ. ಆಗಲೂ ಅಲ್ಲಿನ ಆಪ್ ಸರ್ವರ್‌ಗಳನ್ನು ಮುಟ್ಟಬೇಕಾಗಿಲ್ಲ.